ಮೆಟ್ಟಿಲ ಕೆಳಗಿನ ಆಫೀಸು

ಅಧ್ಯಕ್ಷಳಾದ ದಿನದಿಂದ ಶಿವಗಂಗಾ ಒಂದು ಕಡೆ ನೆಟ್ಟಗೆ ಕೂತಿದ್ದೇ ಇಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ನಡುವೆಯೇ ಎದ್ದು ಯಾರಿಗೋ ಫೋನು ಹಚ್ಚುವಳು. ಮಾತು ಮುಗಿಸಿ ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರ್ರಗಾಗಿರುತ್ತಿತ್ತು. ಟಿವಿ ಮುಂದೆ ಕೂತರೆ ಕಾಲು ಕುಣಿಸುವಳು, ಹಾಸಿಗೆಗೆ ಹೋದರೆ ಮಗ್ಗಲು ಬದಲಿಸುವಳು. ಗಂಡ ವಿಜಯಮಹಾಂತೇಶ ನೋಡುವಷ್ಟು ನೋಡಿ, ಇವಳ ಅಧ್ಯಕ್ಷಗಿರಿ ತನ್ನ ನಿದ್ದೆಗೆ ಕುತ್ತು ತಂತು ಎಂದು ಗೊಣಗುತ್ತಿದ್ದ. ಅವಳನ್ನು ಆ ಕುರ್ಚಿಗೆ ಹತ್ತಿಸಿದವರಲ್ಲಿ ತಾನೂ ಒಬ್ಬ ಎಂಬುದನ್ನು ಮಾತ್ರ ಜಾಣತನದಿಂದ ಮರೆತಿದ್ದ.

ಆಗಿದ್ದಾದರೂ ಎಂಥ ಅಧ್ಯಕ್ಷಗಿರಿ! ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಈ ನಾಲ್ಕು ಊರುಗಳಲ್ಲಿ ಅಂಗಡಿ, ಗೋದಾಮು, ಕಾಂಪ್ಲೆಕ್ಸು ಕಟ್ಟಿಸಿ ಬಾಡಿಗೆಗೆ ಕೊಟ್ಟ ಮಾಲೀಕರ ಸಂಘ ಅದು. ಲೆಟರ್‌ಹೆಡ್ಡಿನಲ್ಲಿ ಒಂದು ಉದ್ದನೆಯ ಹೆಸರಿದೆ, ಜನರ ಬಾಯಲ್ಲಿ ಅದು ಕಾಂಪ್ಲೆಕ್ಸ್ ಸಂಘ. ಈ ಸಲ ಅಧ್ಯಕ್ಷಗಿರಿ ತಮಗೇ ಬೇಕೆಂದು ಬಾಗಲಕೋಟೆಯವರು ಹಟ ಹಿಡಿದರು. ಹುನಗುಂದದ ಗ್ರಾನೈಟ್ ವ್ಯಾಪಾರಿ ಹೊಳಬಸಪ್ಪನವರು ತಮಗೇ ಬೇಕೆಂದು ಅವರಿಗಿಂತ ಗಟ್ಟಿ ಹಿಡಿದರು. ಎರಡು ಸಭೆ ಜಗಳದಲ್ಲೇ ಹೋದವು. ಕೊನೆಗೆ ಯಾರೋ, ಒಬ್ಬ ಹೆಣ್ಣುಮಗಳನ್ನು ಮಾಡಿಬಿಡೋಣ, ಪೇಪರಿನಲ್ಲೂ ಚೆಂದ ಬರುತ್ತದೆ ಅಂದರು. ಇಡೀ ಸಂಘದಲ್ಲಿ ಹೆಣ್ಣು ಹೆಸರಿನ ಸದಸ್ಯೆ ಒಬ್ಬಳೇ. ಇಳಕಲ್ಲಿನ ಕಾಂಪ್ಲೆಕ್ಸನ್ನು ವಿಜಯಮಹಾಂತೇಶ ಹೆಂಡತಿಯ ಹೆಸರಿನಲ್ಲಿ ಮಾಡಿಸಿದ್ದ, ಕಾರಭಾರವೆಲ್ಲ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ. ಸಂಘದ್ದೂ ಹಾಗೇ ನಡೆದೀತು, ಅಕ್ಕಾರು ರಿಬ್ಬನ್ ಕತ್ತರಿಸುತ್ತ ಇರಲಿ ಎಂದು ಎಲ್ಲರೂ ಒಮ್ಮತದಿಂದ ಕೈ ಎತ್ತಿದರು.

ಬಾಗಲಕೋಟೆಯ ನವನಗರದಲ್ಲಿ ಅಧಿಕಾರ ಸ್ವೀಕಾರದ ಸಮಾರಂಭ ನಡೆಯಿತು. ಹೊಸ ಅಧ್ಯಕ್ಷರ ಗುರಿಗಳೆಂದು ಒಂದು ಹಾಳೆ ಟೈಪು ಮಾಡಿಸಿ ಅವಳ ಕೈಗೆ ಕೊಟ್ಟಿದ್ದರು. ನಾಲ್ಕೂ ಊರಿಗೆ ಒಂದೇ ನಮೂನೆಯ ಬಾಡಿಗೆ ಕರಾರು, ತೆರಿಗೆ ಇಳಿಸಲು ಮನವಿ, ಸಂಘಕ್ಕೊಂದು ವೆಬ್‌ಸೈಟು. ಶಿವಗಂಗಾ ಸಾಲಿಯ ಹುಡುಗಿಯ ಹಾಗೆ ತಪ್ಪಿಲ್ಲದೆ ಓದಿದಳು. ಆದರೆ ಅವಳ ಕಣ್ಣು ಮೇಜಿನ ಮೇಲಿನ ನೀರಿನ ಬಾಟಲಿಗಳ ಮೇಲಿತ್ತು. ಅಕ್ಕಪಕ್ಕದ ಗಂಡಸರೆಲ್ಲ ಗಟಗಟ ಕುಡಿಯುತ್ತಿದ್ದರು. ಅವಳು ಮುಂಜಾನೆಯಿಂದ ಅರ್ಧ ಕಪ್ ಚಹಾ ಬಿಟ್ಟರೆ ಏನನ್ನೂ ಮುಟ್ಟಿರಲಿಲ್ಲ. ಮದುವೆಗೆ ಹೋಗಲಿ, ಬಜಾರಕ್ಕೆ ಹೋಗಲಿ, ಬಸ್ಸು ಹತ್ತಲಿ, ನಡುವೆ ಅವಸರವಾದೀತೆಂದು ನೀರು ಕುಡಿಯದೆಯೇ ಹೊರಡುವುದು ಹುಡುಗಿಯಾಗಿದ್ದಾಗಿನಿಂದ ಬಂದ ರೂಢಿ. ಬಾಟಲಿ ನೋಡಿ ನೋಡಿ ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ, ಸಿಟ್ಟು ಮಾತ್ರ ಖರೆ.

ಹಾಳೆ ಮಡಚಿಟ್ಟು, "ಇನ್ನೊಂದು ಗುರಿ ಐತ್ರಿ, ಅದು ನನ್ನದು" ಎಂದಳು. ನಮ್ಮ ಕಟ್ಟಡಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯತನಕ ಬಾಯಿ ಒಣಗಿಸಿಕೊಂಡು ನಿಲ್ಲುತ್ತಾರೆ, ಪ್ರತಿ ಕಾಂಪ್ಲೆಕ್ಸಿನಲ್ಲೂ ಅವರಿಗೊಂದು ಶೌಚಾಲಯ ಆಗಬೇಕು, ಮೊದಲನೆಯದು ತನ್ನ ಕಾಂಪ್ಲೆಕ್ಸಿನಲ್ಲೇ ಆಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಕೂತುಬಿಟ್ಟಳು. ಚಪ್ಪಾಳೆ ಬಿತ್ತು. ಅಂಥ ಸಭೆಗಳಲ್ಲಿ ಯಾವುದಕ್ಕೂ ಬೀಳುತ್ತದೆ.

ಹೊಳಬಸಪ್ಪನವರು ಮಾತ್ರ ಚಪ್ಪಾಳೆ ಮುಗಿಯುವತನಕ ಕಾದು ಎದ್ದು ನಿಂತರು. ಅಕ್ಕಾರ ವಿಚಾರ ಚೊಲೊ ಇದೆ, ಆದರೆ ಕಟ್ಟಿಸಿದ ಮೇಲೆ ಯಾರೂ ಬಳಸದಿದ್ದರೆ ಜಾಗವೂ ದಂಡ, ಖರ್ಚೂ ದಂಡ. ಅಕ್ಕಾರು ಮೊದಲು ತಮ್ಮಲ್ಲಿ ಮಾಡಲಿ. ಎಷ್ಟು ಮಂದಿ ಬಳಸಿದರು ಎಂದು ದೀಪಾವಳಿ ಆದ ಮೇಲಿನ ಸಭೆಯಲ್ಲಿ ಹೇಳಲಿ. ಲೆಕ್ಕ ಸರಿ ಬಂದರೆ ಎಲ್ಲರೂ ಕಟ್ಟೋಣ, ಬರದಿದ್ದರೆ ಈ ಗುರಿಯನ್ನು ಅಲ್ಲಿಗೇ ಬಿಡೋಣ. ಎಲ್ಲರಿಗೂ ಹಿತವೆನಿಸಿತು, ಏಕೆಂದರೆ ದೀಪಾವಳಿ ದೂರವಿತ್ತು. ಠರಾವು ಹಾಗೇ ಆಯಿತು.

ವಾಪಸು ಬರುವಾಗ ಕಾರು ಅಮೀನಗಡ ದಾಟಿದ ಮೇಲೆ ವಿಜಯಮಹಾಂತೇಶ ಬಾಯಿಬಿಟ್ಟ. ತಮ್ಮ ಕಾಂಪ್ಲೆಕ್ಸಿನಲ್ಲಿ ಜಾಗ ಎಲ್ಲಿದೆ ಎಂದು ಕೇಳಿದ. ಮೆಟ್ಟಿಲ ಕೆಳಗೆ ಅಂದಳು. ನಕಾಶೆಯಲ್ಲಿ ಅದು ಇದ್ದದ್ದೇ ಶೌಚಾಲಯಕ್ಕೆಂದು. ಪೈಪು ಕೂಡ ಹಾಕಿಸಿ ಆಗಿತ್ತು. ಆಮೇಲೆ ವಿಜಯಮಹಾಂತೇಶನಿಗೆ, ಖಾಲಿ ಬಿಡುವುದ್ಯಾಕೆ ಎಂದು ಜೀವ ಚುರುಚುರು ಅಂದು, ಅದನ್ನು ಬಳೆ ಮಾರುವ ಮಾಸುಮಬಿಗೆ ಬಾಡಿಗೆಗೆ ಕೊಟ್ಟಿದ್ದ.

"ಮಾಸುಮಬಿ ಅದಾಳಲ್ಲ ಅಲ್ಲಿ" ಎಂದ.

"ಗೊತ್ತೈತ್ರಿ" ಎಂದಳು ಶಿವಗಂಗಾ.

ಮನೆಗೆ ಬಂದ ಮೇಲೆ ಅವಳ ಜೀವಕ್ಕೆ ಸಮಾಧಾನ ಇಲ್ಲ. ಇಷ್ಟು ವರ್ಷ ಬಾಡಿಗೆ ತಪ್ಪಿಸದೆ ಕೂತ ಹೆಂಗಸನ್ನು ಎಬ್ಬಿಸುವುದು ಹೇಗೆ? ಎಬ್ಬಿಸದಿದ್ದರೆ ನಾಲ್ಕೂ ಊರಿನ ಗಂಡಸರ ಮುಂದೆ ಆಡಿದ ಮಾತು ಏನಾಗಬೇಕು? ಮಾಸುಮಬಿಯ ಮುಖ ನೋಡುವ ಧೈರ್ಯ ಸಾಲದೆ, ಮೊದಲು ಉಳಿದ ಊರುಗಳನ್ನು ನೋಡಿ ಬರೋಣವೆಂದು ಡ್ರೈವರ್ ಯಮನಪ್ಪನನ್ನು ಕರೆದು ಬಾದಾಮಿಗೆ ಹೊರಟಳು.

ಬಾದಾಮಿಯ ಸದಸ್ಯ ಅಂದಪ್ಪನವರದು ಬಸ್‌ಸ್ಟ್ಯಾಂಡಿನ ಸಮೀಪ ಮೂರಂತಸ್ತಿನ ಕಾಂಪ್ಲೆಕ್ಸು. ಅವರು ಸಂಭ್ರಮದಿಂದ ಹಿಂದುಗಡೆ ಕರೆದುಕೊಂಡು ಹೋಗಿ ಒಂದು ಬಾಗಿಲು ತೋರಿಸಿದರು. ನಿಮಗಿಂತ ಮೊದಲೇ ನಾವು ಮಾಡಿಬಿಟ್ಟಿದ್ದೇವೆ ನೋಡಿರಿ ಎಂದರು. ಬಾಗಿಲಿಗೆ ಅಂಗೈಯಗಲದ ಬೀಗ. ಹೊಲಸು ಮಾಡುತ್ತಾರೆಂದು ಕೀಲಿಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡಿದ್ದಾರಂತೆ, ಬೇಕಾದವರು ಬಂದು ಕೇಳಿದರೆ ಕೊಡುತ್ತಾರಂತೆ. ಯಾರಾದರೂ ಕೇಳಿದ್ದಾರೆಯೇ ಎಂದಳು. ಇಲ್ಲಿಯತನಕ ಒಬ್ಬರೂ ಇಲ್ಲ, ಇಲ್ಲಿಯ ಹೆಣ್ಣುಮಕ್ಕಳಿಗೆ ಅದರ ಗರಜೇ ಇಲ್ಲ ಎಂದು ಅಂದಪ್ಪನವರು ನಕ್ಕರು.

ಗರಜು ಇತ್ತು. ಆ ಕ್ಷಣದಲ್ಲಿ ಶಿವಗಂಗಾಳಿಗೇ ಇತ್ತು. ಅಂದಪ್ಪನವರ ಮನೆಯವರು ಬಲವಂತ ಮಾಡಿ ಎರಡು ಲೋಟ ಮಜ್ಜಿಗೆ ಕುಡಿಸಿದ್ದರು. ಕೀಲಿ ಎರಡು ಮಾರು ದೂರದಲ್ಲಿ ಅವರ ಅಂಗಿಯ ಜೇಬಿನಲ್ಲಿತ್ತು, ಸುತ್ತ ನಾಲ್ಕೈದು ಗಂಡಸರು ಚಹಾ ಕುಡಿಯುತ್ತ ಅಧ್ಯಕ್ಷರನ್ನು ನೋಡುತ್ತ ನಿಂತಿದ್ದರು. ಕೊಡ್ರಿ ಅಂದಿದ್ದರೆ ಆಗಿಹೋಗುತ್ತಿತ್ತು. ಮೈಕಿನಲ್ಲಿ ಇನ್ನೊಬ್ಬರ ಸಲುವಾಗಿ ಹೇಳಿದ ಬಾಯಿ ತನ್ನ ಸಲುವಾಗಿ ತೆರೆಯಲೇ ಇಲ್ಲ. ಕೈ ಮುಗಿದು ಬಂದು ಕಾರಿನಲ್ಲಿ ಕೂತಳು. ಕೂತ ಮೇಲೆ ಒಂದೊಂದು ತಗ್ಗೂ ಜೀವ ಹಿಂಡಿತು.

ಚೊಳಚಗುಡ್ಡ ಬಂದಾಗ ಯಮನಪ್ಪನಿಗೆ, ಬನಶಂಕರಿಗೆ ಕೈ ಮುಗಿದು ಬರುತ್ತೇನೆ, ನಿಲ್ಲಿಸು ಎಂದಳು. ಗುಡಿಗೆ ಬಂದವರಿಗೆಂದು ಇರುವ ಶೌಚಾಲಯ ಹುಡುಕಿಕೊಂಡು ಓಡುವುದೊಂದೇ ಬಾಕಿ. ಹೊರಗೆ ಬಂದಾಗ ಹಗುರವೂ ಆಗಿತ್ತು, ನಾಚಿಕೆಯೂ ಆಗಿತ್ತು. ಹೇಳಿದ್ದು ಸುಳ್ಳಾಗಬಾರದೆಂದು ದೇವಿಯ ಮುಂದೆ ನಿಂತು ಕೈ ಮುಗಿದಳು. ಏನು ಬೇಡಿಕೊಳ್ಳಬೇಕೆಂದು ಮಾತ್ರ ತಿಳಿಯಲಿಲ್ಲ. ವಾಪಸು ಬಂದಾಗ ಯಮನಪ್ಪ, ದರ್ಶನ ಚೊಲೊ ಆಯಿತೇನ್ರಿ ಎಂದು ಭಕ್ತಿಯಿಂದ ಕೇಳಿದ.

ಮರುದಿನ ಗಟ್ಟಿ ಮನಸ್ಸು ಮಾಡಿ ಮಾಸುಮಬಿಯ ಅಂಗಡಿಗೆ ಹೋದಳು. ಮೆಟ್ಟಿಲ ಕೆಳಗಿನ ಆ ಗೂಡಿನಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಸುತ್ತಲೂ ಹಸಿರು, ಕೆಂಪು ಬಳೆಗಳ ಕೋಲು. ಮಾಸುಮಬಿ ಮಣೆ ಸರಿಸಿ ಕೂಡಿಸಿದಳು. ಶಿವಗಂಗಾ ಮಾತು ಎಲ್ಲಿಂದ ಎತ್ತುವುದೆಂದು ಒದ್ದಾಡುತ್ತಿರುವಾಗಲೇ ಖುಶನುಮಾ ಬಂದಳು. ಎದುರಿನ ನಾಗಲಿಂಗನ ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಹುಡುಗಿ. ಬಳೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕೋಲಿನ ಹಿಂದಿನ ಮೊಳೆಯಿಂದ ಒಂದು ಕೀಲಿ ತೆಗೆದುಕೊಂಡು ಹಿಂದಿನ ಓಣಿಗೆ ಸರಸರ ಹೋದಳು. ಸ್ವಲ್ಪ ಹೊತ್ತಿಗೆ ಬಂದು ಕೀಲಿ ತೂಗುಹಾಕಿ ಹೋದಳು. ಹಿಂದೆಯೇ ಇನ್ನೊಬ್ಬಳು ಬಂದಳು, ಅದೇ ಕೀಲಿ, ಅದೇ ಓಣಿ.

ಶಿವಗಂಗಾ ಕೇಳಿದ್ದಕ್ಕೆ ಮಾಸುಮಬಿ ಮುಚ್ಚುಮರೆ ಇಲ್ಲದೆ ಹೇಳಿದಳು. ಅದು ಅವಳ ಮನೆಯ ಕೀಲಿ. ಮನೆ ಹಿಂದಿನ ಓಣಿಯಲ್ಲಿದೆ, ಹಿತ್ತಲಲ್ಲಿ ಸಂಡಾಸವಿದೆ. ಕಾಂಪ್ಲೆಕ್ಸಿನ ಹುಡುಗಿಯರೆಲ್ಲ ತಮ್ಮ ಅಂಗಡಿ ಮಾಲೀಕರಿಗೆ, ಬಳೆ ನೋಡಿ ಬರುತ್ತೇವೆ ಎಂದು ಹೇಳಿ ಅಲ್ಲಿಗೆ ಹೋಗಿ ಬರುತ್ತಾರೆ. ಇದು ಬಹಳ ವರ್ಷದಿಂದ ನಡೆದದ್ದು.

ಶಿವಗಂಗಾ ಹಣೆ ಹಣೆ ಬಡಿದುಕೊಂಡಳು. ಈ ಹುಡುಗಿಯರಿಗೆ ಬಳೆ ಹುಚ್ಚು ಬಹಳ ಎಂದು ನಾಗಲಿಂಗ ಬೈಯುವುದನ್ನು ಎಷ್ಟು ಸಲ ಕೇಳಿದ್ದಳು! ಮಾಸುಮಬಿಯ ಅಂಗಡಿಗೆ ಸದಾ ಹುಡುಗಿಯರು ಮುತ್ತಿಕೊಂಡಿರುವುದನ್ನು ಕಂಡು ವಿಜಯಮಹಾಂತೇಶ, ತನ್ನ ಜಾಗದ ಗುಣವೇ ಹಾಗೆ ಎಂದು ಮೀಸೆ ತೀಡಿ ಒಂದು ಸಲ ಬಾಡಿಗೆ ಕೂಡ ಏರಿಸಿದ್ದ. ಸಂಡಾಸದ ಜಾಗದಲ್ಲಿ ಕೂತವಳೇ ತನ್ನ ಮನೆಯ ಸಂಡಾಸ ಬಿಟ್ಟುಕೊಟ್ಟಿದ್ದಾಳೆ, ಅದಕ್ಕೆ ಬಾಡಿಗೆ ನಾವು ತಿನ್ನುತ್ತಿದ್ದೇವೆ ಎಂದು ಶಿವಗಂಗಾಳಿಗೆ ಆಗ ಹೊಳೆಯಿತು.

"ಇನ್ನ ನಡಿಯೂದಿಲ್ಲ ಅವ್ವಾರ" ಎಂದಳು ಮಾಸುಮಬಿ. ದೀಪಾವಳಿ ಆದ ಮೇಲೆ ಮಗನ ಮದುವೆ ಇದೆಯಂತೆ. ಒಂದೇ ಖೋಲಿಯ ಮನೆ, ಹೊಸ ಸೊಸೆ ಬಂದ ಮೇಲೆ ಊರ ಹುಡುಗಿಯರು ಹಗಲೆಲ್ಲ ಒಳಗೆ ಹೊರಗೆ ಓಡಾಡಿದರೆ ಆಗುವುದಿಲ್ಲ. ಹುಡುಗಿಯರಿಗೆ ಇನ್ನೂ ಹೇಳಿಲ್ಲ, ಹೇಳಲು ಬಾಯಿ ಬರವಲ್ಲದು. ಶಿವಗಂಗಾ ತಾನು ಬಂದ ಕೆಲಸವನ್ನು ಹೇಳಿದಳು. ಮಾಸುಮಬಿ, ಹಾಗಾದರೆ ತಾನು ಎಲ್ಲಿ ಕೂಡಲಿ ಎಂದಷ್ಟೇ ಕೇಳಿದಳು.

ಉತ್ತರ ಶಿವಗಂಗಾಳ ಬಾಯಿಗೆ ತಾನಾಗಿ ಬಂತು. ಕಾಂಪ್ಲೆಕ್ಸಿನ ಮೊದಲನೆಯ ಮಳಿಗೆ, ರಸ್ತೆಗೆ ಮುಖ ಮಾಡಿದ್ದು, ವಿಜಯಮಹಾಂತೇಶನ ಆಫೀಸು. ಆಫೀಸು ಅನ್ನುವುದು ಮರ್ಯಾದೆಗೆ. ಅಲ್ಲಿ ನಡೆಯುವುದು ಪೇಪರು ಓದುವುದು, ನಾಲ್ಕು ಗೆಳೆಯರನ್ನು ಕೂಡಿಸಿಕೊಂಡು ರಾಜ್ಯಭಾರ ಮಾಡುವುದು, ಊಟವಾದ ಮೇಲೆ ಕುರ್ಚಿಯಲ್ಲೇ ಗೊರಕೆ ಹೊಡೆಯುವುದು. ಅದನ್ನು ಹಳೆಯ ಬಾಡಿಗೆಗೇ ಮಾಸುಮಬಿಗೆ ಕೊಟ್ಟಳು. ಗಂಡನಿಗೆ ಗೊತ್ತಾದಾಗ ಮನೆಯಲ್ಲಿ ಆದ ರಾಮಾಯಣ ಅಷ್ಟಿಷ್ಟಲ್ಲ. ತಾನೆಲ್ಲಿ ಕೂಡಬೇಕು ಎಂದು ಕೂಗಾಡಿದ. ಕಾಂಪ್ಲೆಕ್ಸು ಯಾರ ಹೆಸರಿನಲ್ಲಿದೆ ಎಂದು ಶಿವಗಂಗಾ ತಣ್ಣಗೆ ಕೇಳಿದಳು. ಮದುವೆಯಾದಂದಿನಿಂದ ಆ ಪ್ರಶ್ನೆಯನ್ನು ಅವಳು ಕೇಳಿದ್ದು ಅದೇ ಮೊದಲು. ಎರಡು ದಿನ ಅವನು ಊಟಕ್ಕೆ ಕೂಡುವಾಗ ಅವಳ ಕಡೆ ಬೆನ್ನು ಮಾಡಿ ಕೂತ.

ಕೆಲಸ ಶುರುವಾಯಿತು. ಬಿಳಿ ಟೈಲ್ಸ್, ನಳ, ಬಕೀಟು, ಒಂದು ಕನ್ನಡಿ, ಒಳಗಿನಿಂದ ಗಟ್ಟಿ ಚಿಲಕ. ಹೊರಗೆ ಬೀಗ ಹಾಕುವ ಕೊಂಡಿಯನ್ನೇ ಶಿವಗಂಗಾ ಇಡಗೊಡಲಿಲ್ಲ. ಅಂದಪ್ಪನವರ ಜೇಬು ಅವಳ ಕಣ್ಣೆದುರಿಗಿತ್ತು. ಉದ್ಘಾಟನೆಗೆ ನಾಲ್ಕೂ ಊರಿನವರು ಬಂದರು, ರಿಬ್ಬನ್ ಕತ್ತರಿಸಿದರು, ಪೇಢೆ ಹಂಚಿದರು. ಸಂಘದವರು ಅಭಿಮಾನದಿಂದ ಒಂದು ದೊಡ್ಡ ಫ್ಲೆಕ್ಸು ಮಾಡಿಸಿ ತಂದು ಬಾಗಿಲ ನೆತ್ತಿಯ ಮೇಲೆ ಕಟ್ಟಿದರು. ನಡುವೆ ಕೈ ಮುಗಿದ ಶಿವಗಂಗಾ, ಸುತ್ತ ದುಂಡನೆಯ ಚೌಕಟ್ಟಿನಲ್ಲಿ ಎಲ್ಲ ಪದಾಧಿಕಾರಿಗಳು, ಕೆಳಗೆ ಗೇಣುದ್ದದ ಅಕ್ಷರದಲ್ಲಿ ಮಹಿಳಾ ಶೌಚಾಲಯ. ಚೊಲೊ ಕಾಣುತ್ತದೆ ಎಂದು ಅವಳಿಗೂ ಅನ್ನಿಸಿತು, ಸುಳ್ಳು ಯಾಕೆ ಹೇಳಬೇಕು.

ಮರುದಿನ ಯಾರೂ ಬರಲಿಲ್ಲ. ಹೊಸದು, ನಾಚಿಕೆ ಇರುತ್ತದೆ ಅಂದುಕೊಂಡಳು. ವಾರ ಕಳೆಯಿತು. ಬಕೀಟಿನ ನೀರು ತುಂಬಿದ್ದು ತುಂಬಿದ್ದ ಹಾಗೇ ಇತ್ತು. ಹುಡುಗಿಯರು ಈಗ ರಸ್ತೆಯ ಕಡೆಯ ಬಳೆ ಅಂಗಡಿಗೆ ಹೋಗಿ, ಕೀಲಿ ತೆಗೆದುಕೊಂಡು, ಸುತ್ತು ಹಾಕಿ ಅದೇ ಹಿಂದಿನ ಓಣಿಗೆ ಹೋಗುತ್ತಿದ್ದರು. ಶಿವಗಂಗಾ ದಿನಕ್ಕೆ ನಾಲ್ಕು ಸಲ ಬಂದು ಬಾಗಿಲು ತೆರೆದು ನೋಡಿ ಹೋಗುವಳು. ಹೊಳಬಸಪ್ಪನವರು ಹುನಗುಂದದಿಂದ ಆಗಾಗ ಫೋನು ಮಾಡಿ, ಲೆಕ್ಕ ಎಲ್ಲಿಗೆ ಬಂತು ಅಕ್ಕಾರ ಎಂದು ಕ್ಷೇಮಸಮಾಚಾರ ವಿಚಾರಿಸುವಂತೆ ಕೇಳುವರು. ಅವರ ದನಿಯಲ್ಲಿನ ನಗು ಅವಳ ಕಿವಿಯಲ್ಲಿ ರಾತ್ರಿಯೆಲ್ಲ ಉಳಿಯುತ್ತಿತ್ತು.

ಕೊನೆಗೆ ಖುಶನುಮಾಳನ್ನು ತಡೆದು ನಿಲ್ಲಿಸಿ, ಅಷ್ಟು ಚೆಂದ ಕಟ್ಟಿಸಿದ್ದೇನಲ್ಲ, ಯಾಕೆ ಬರುವುದಿಲ್ಲ ಎಂದು ಕೇಳಿಯೇಬಿಟ್ಟಳು. ಹುಡುಗಿ ನೆಲ ನೋಡುತ್ತ ಹೇಳಿದಳು.

"ಆ ಬಾಗಲಾ ಎಲ್ಲಾ ಮಾಲಕರ ಗಲ್ಲೆದ ಮುಂದನ ಐತ್ರಿ ಅವ್ವಾರ. ಎದುರಿಗೆ ಚಾದಂಗಡಿ. ನಾವು ಹೋಗೂದು ನೋಡ್ತಾರ, ಎಷ್ಟೊತ್ತಿಗೆ ಬಂದ್ವಿ ಅದನ್ನೂ ನೋಡ್ತಾರ. ಮ್ಯಾಲೆ ಅಷ್ಟು ಮಂದಿ ಗಂಡಸರ ಫೋಟೋ. ಹೆಂಗ ಹೋಗೂದ್ರಿ?"

ಶಿವಗಂಗಾ ತಿರುಗಿ ನೋಡಿದಳು. ಚಹಾದಂಗಡಿಯ ಬೆಂಚಿನ ಮೇಲೆ ಐದಾರು ಮಂದಿ ಇತ್ತಲೇ ಮುಖ ಮಾಡಿ ಕೂತಿದ್ದರು. ಫ್ಲೆಕ್ಸಿನಲ್ಲಿ ಹೊಳಬಸಪ್ಪನವರು ಬಾಗಿಲ ಕಡೆಗೇ ನೋಡಿ ನಗುತ್ತಿದ್ದರು. ಡ್ರೈವರಿಗೆ ಬನಶಂಕರಿಯ ಹೆಸರು ಹೇಳಿದ ತನಗೆ ಇಷ್ಟು ತಿಳಿಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವ ಹಾಗಾಯಿತು. ಅವತ್ತೇ ಫ್ಲೆಕ್ಸು ಬಿಚ್ಚಿಸಿದಳು. ಸಂಘದ ಇಬ್ಬರು ಫೋನು ಮಾಡಿ ಮುನಿಸಿಕೊಂಡರು.

ಫ್ಲೆಕ್ಸು ಹೋದರೂ ಬಾಗಿಲು ಅಲ್ಲೇ ಇತ್ತು. ಮಾಸುಮಬಿ ಮತ್ತೆ ಬಂದು ಬಾಗಿಲಿನ ಮುಂದೆ ಬಳೆ ಇಟ್ಟುಕೊಂಡು ಕೂತರೆ ಎಲ್ಲ ಸರಿಹೋಗುತ್ತದೆ, ಹುಡುಗಿಯರು ಬಳೆ ನೋಡಲು ಬಂದಂತೆ ಬಂದು ಒಳಗೆ ಹೋಗುತ್ತಾರೆ ಎಂದು ಶಿವಗಂಗಾಳಿಗೆ ಹೊಳೆಯಿತು. ಓಡಿದಂತೆ ಹೋಗಿ ಕೇಳಿದಳು, ಬಾಡಿಗೆ ಬೇಡ, ಬರಿ ಕೂತರೆ ಸಾಕು ಅಂದಳು. ಮಾಸುಮಬಿ ಹೊಸ ಮಳಿಗೆಯಲ್ಲಿ ಬಳೆ ಜೋಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನನ್ನ ಮನಿ ಕೀಲಿ ನಾ ಖುಷೀಲೆ ಕೊಟ್ಟೇನ್ರಿ. ಮಕ್ಕಳು ಒದ್ದಾಡ್ತಾವ ಅಂತ ಕೊಟ್ಟೇನಿ. ಸಂಡಾಸದ ಬಾಗಲಾ ಕಾಯೂದು ನನ್ನ ಕೆಲಸ ಅಲ್ಲ. ಅಲ್ಲಿ ಕೂಡಾಕ ನಿಮಗ ಆಗ್ತೈತೇನ್ರಿ?"

ದನಿ ಏರಿಸದೆ ಹೇಳಿದಳು. ಶಿವಗಂಗಾಳ ಮುಖ ಕೆಂಪಗಾಯಿತು. ಬಾಡಿಗೆದಾರಳೊಬ್ಬಳು ಹೀಗೆ ಮಾತಾಡಿದಳಲ್ಲ ಎಂಬ ಸಿಟ್ಟು ಮೊದಲು ಬಂತು. ಮನೆ ಮುಟ್ಟುವ ಹೊತ್ತಿಗೆ ಸಿಟ್ಟೆಲ್ಲ ಇಳಿದು ನಾಚಿಕೆ ಉಳಿಯಿತು. ತನಗಾಗದ್ದನ್ನು ಇನ್ನೊಬ್ಬಳ ತಲೆಗೆ ಕಟ್ಟಲು ಹೋಗಿದ್ದಳು. ಅಂಗಳದಲ್ಲಿ ಆಚೆಯಿಂದ ಈಚೆ ತಿರುಗಿದಳು, ತುಳಸಿಗೆ ಎರಡು ಸಲ ನೀರು ಹಾಕಿದಳು, ಮತ್ತೆ ತಿರುಗಿದಳು. ಅಲ್ಲಿ ಕೂಡಲು ತನಗೆ ಆಗುತ್ತದೆಯೇ? ಆಗುವುದಿಲ್ಲ ಎಂದು ಮನಸ್ಸು ಥಟ್ಟನೆ ಹೇಳಿತು.

ಮರುದಿನ ಬಡಗಿಯನ್ನು ಕರೆಸಿ, ಶೌಚಾಲಯದ ಬಾಗಿಲಿನ ಮುಂದೆ ಪ್ಲೈವುಡ್ಡಿನ ಒಂದು ಸಣ್ಣ ಖೋಲಿ ಮಾಡಿಸಿದಳು. ಒಂದು ಮೇಜು, ಒಂದು ಕುರ್ಚಿ, ಎದುರಿಗೆ ಒಂದು ಬೆಂಚು. ಹೊರಗಿನ ಬಾಗಿಲಿಗೆ ಸಂಘದ ಬೋರ್ಡು, ಅದರ ಕೆಳಗೆ ಅಧ್ಯಕ್ಷರು. ಶೌಚಾಲಯ ಈಗ ಆ ಖೋಲಿಯ ಹಿಂದೆ ಮರೆಯಾಯಿತು. ಬೋರ್ಡು ನೋಡಿ ವಿಜಯಮಹಾಂತೇಶ ತಲೆ ಮೇಲೆ ಕೈ ಹೊತ್ತ.

"ಸಂಡಾಸ ಮುಂದ ಕುರ್ಚಿ ಹಾಕ್ಕೊಂಡು ಕೂತ್ರ ಮಂದಿ ಏನಂತಾರ ಗಂಗಾ?"

ಮಂದಿ ಏನನ್ನುತ್ತಾರೆಂದು ಅವಳಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಮೊದಲ ದಿನ ಕೂತಾಗ ಮೈಯೆಲ್ಲ ಮುಳ್ಳಾಗಿತ್ತು. ತವರಿನಲ್ಲಿ ಹಿತ್ತಲಿಗೆ ಹೋಗುವುದನ್ನೂ ಯಾರೂ ಕಾಣದ ಹಾಗೆ ಮಾಡಬೇಕೆಂದು ಕಲಿಸಿದ್ದರು. ಹೊರಗೆ ಯಾರೋ ನಕ್ಕರೆ ತನ್ನನ್ನೇ ನಕ್ಕರು ಅನ್ನಿಸುತ್ತಿತ್ತು. ಎದ್ದು ಮನೆಗೆ ಹೋಗಬೇಕೆಂದು ಸೆರಗು ಸರಿಮಾಡಿಕೊಂಡಳು, ಮತ್ತೆ ಕೂತಳು. ಹೀಗೆ ಎಷ್ಟು ಸಲ ಮಾಡಿದಳೋ.

ಮೂರನೆಯ ದಿನ ಖುಶನುಮಾ ಬಂದು ಬೆಂಚಿನ ತುದಿಗೆ ಕೂತಳು. ಮಾಲೀಕರಿಗೆ, ಅಧ್ಯಕ್ಷರು ಕರೆದಿದ್ದಾರೆ ಎಂದು ಹೇಳಿ ಬಂದಿದ್ದಳಂತೆ. ನಾಗಲಿಂಗ ತನ್ನ ಕಾಂಪ್ಲೆಕ್ಸಿನ ಮಾಲೀಕಳೇ ಕರೆದಾಗ ಬೇಡ ಅನ್ನುವುದು ಹೇಗೆ? ಶಿವಗಂಗಾ ಏನೂ ಕೇಳದೆ ಪೇಪರು ಎತ್ತಿಕೊಂಡು ಮುಖಕ್ಕೆ ಅಡ್ಡ ಹಿಡಿದಳು. ಹಿಂದಿನ ಬಾಗಿಲು ಸದ್ದಾಯಿತು, ಚಿಲಕ ಬಿತ್ತು, ನಳದ ನೀರು ಸುರಿಯಿತು. ಆ ಸದ್ದಿಗೆ ಅವಳ ಕಣ್ಣಲ್ಲಿ ನೀರು ಬಂತು. ಯಾರಾದರೂ ನೋಡಿದ್ದರೆ ಪೇಪರಿನಲ್ಲಿ ಕೆಟ್ಟ ಸುದ್ದಿ ಓದಿದಳು ಅಂದುಕೊಳ್ಳುತ್ತಿದ್ದರು.

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಪಕ್ಕದ ಕಾಂಪ್ಲೆಕ್ಸಿನವರೂ ಬಂದರು, ಸಂತೆಗೆ ಬಂದ ಹೆಂಗಸರೂ ಯಾರೋ ಹೇಳಿದ್ದು ಕೇಳಿ ಬಂದರು. ಇಷ್ಟು ಹೆಣ್ಣುಮಕ್ಕಳು ಅಧ್ಯಕ್ಷರ ಹತ್ತಿರ ಏನು ಹೇಳಿಕೊಳ್ಳುತ್ತಿದ್ದಾರೆ ಎಂದು ಬಜಾರಿನ ಮಾಲೀಕರಿಗೆ ಪುಕಪುಕ ಶುರುವಾಯಿತು. ನಾಗಲಿಂಗ ಒಂದು ದಿನ ತಾನಾಗಿ ಬಂದು, ನಮ್ಮ ಹುಡುಗಿ ಪಗಾರದ ಮಾತೇನಾದರೂ ತೆಗೆದಳೇ ಎಂದು ಕೇಳಿದ. ಇನ್ನೂ ಇಲ್ಲ ಎಂದಳು ಶಿವಗಂಗಾ. ಅಂದಿನಿಂದ ಅವನು ಹುಡುಗಿಯರ ಜೊತೆ ಸ್ವಲ್ಪ ಮೆತ್ತಗೆ ಮಾತಾಡತೊಡಗಿದ. ಶಿವಗಂಗಾಳೂ ಈಗ ಕೊಡ ನೀರು ಪಕ್ಕದಲ್ಲಿಟ್ಟುಕೊಂಡು ಬೇಕಾದಾಗ ಕುಡಿಯುತ್ತಿದ್ದಳು. ಬೆನ್ನ ಹಿಂದೆಯೇ ಬಾಗಿಲಿತ್ತು. ಜನ್ಮವೆಲ್ಲ ಕಲಿತ ತಡೆದುಕೊಳ್ಳುವ ವಿದ್ಯೆ ಎರಡು ತಿಂಗಳಲ್ಲಿ ಮರೆತುಹೋಯಿತು.

ದೀಪಾವಳಿ ಮುಗಿಯಿತು. ಮಾಸುಮಬಿಯ ಮಗನ ಮದುವೆಯೂ ಆಯಿತು, ಅವಳ ಮನೆಯ ಕೀಲಿ ಈಗ ಸೊಸೆಯ ಸೊಂಟದಲ್ಲಿತ್ತು. ಹುನಗುಂದದಲ್ಲಿ ಹೊಳಬಸಪ್ಪನವರ ಹೊಸ ಕಾಂಪ್ಲೆಕ್ಸಿನ ಮೇಲಂತಸ್ತಿನಲ್ಲಿ ಸಂಘದ ಸಭೆ ಗೊತ್ತಾಯಿತು. ಹಿಂದಿನ ದಿನ ಖುಶನುಮಾ ಬಂದು ಹೊರಗಿನ ಬಾಗಿಲು ಮುಚ್ಚಿಕೊಂಡು ನಿಂತಳು. ತಮ್ಮ ಹೆಸರು ಹೇಳಬೇಡಿರಿ, ಎಷ್ಟು ಮಂದಿ ಅಂತ ಕೂಡ ಹೇಳಬೇಡಿರಿ ಎಂದಳು. ಸಭೆಯ ಮಾತು ಸಂಜೆಯೊಳಗೆ ಬಜಾರಕ್ಕೆ ಬರುತ್ತದೆ. ಅಧ್ಯಕ್ಷರ ಹತ್ತಿರ ಯಾತಕ್ಕೆ ಹೋಗುತ್ತಿದ್ದರೆಂದು ತಿಳಿದರೆ ನಾಳೆಯಿಂದ ಮಾಲೀಕರು ಬಿಡುವುದಿಲ್ಲ, ಬಿಟ್ಟರೂ ಗಡಿಯಾರ ನೋಡುತ್ತಾರೆ. ಇಲ್ಲ, ಹೇಳುವುದಿಲ್ಲ ಎಂದು ಶಿವಗಂಗಾ ಮಾತು ಕೊಟ್ಟಳು.

ಕೊಟ್ಟ ಮೇಲೆ ರಾತ್ರಿಯೆಲ್ಲ ಹೊರಳಾಡಿದಳು. ಲೆಕ್ಕ ಹೇಳಿದರೆ ಈ ಹುಡುಗಿಯರು ಹೋದರು. ಹೇಳದಿದ್ದರೆ ಠರಾವಿನಂತೆ ಗುರಿ ಅಲ್ಲಿಗೇ ನಿಂತು ಬಾದಾಮಿಯ, ಹುನಗುಂದದ, ಬಾಗಲಕೋಟೆಯ ಹುಡುಗಿಯರು ಹೋದರು.

ಸಭೆಯಲ್ಲಿ ಮೊದಲು ವೆಬ್‌ಸೈಟಿನ ಮಾತಾಯಿತು, ಬಾಡಿಗೆ ಕರಾರಿನ ಮಾತಾಯಿತು. ಬಿಸಿಲು ಬಹಳವಿತ್ತು, ಶಿವಗಂಗಾ ಕೈಗೆ ಬಂದ ಮಜ್ಜಿಗೆಯನ್ನೆಲ್ಲ ಕುಡಿದಿದ್ದಳು. ಆಮೇಲೆ ಹೊಳಬಸಪ್ಪನವರು ಎದ್ದು, ಅಧ್ಯಕ್ಷರ ಶೌಚಾಲಯದ ಲೆಕ್ಕ ಬರಲಿ ಎಂದರು. ಕಾರ್ಯದರ್ಶಿ ಪೆನ್ನು ತೆರೆದು ಕೂತ. ಇಳಕಲ್ಲಿನ ನಾಲ್ಕು ಮಂದಿ ಮುಂದಿನ ಸಾಲಿನಲ್ಲೇ ಇದ್ದರು. ಹಿಂದಿನ ಸಾಲಿನಲ್ಲಿ ವಿಜಯಮಹಾಂತೇಶ ತಲೆ ತಗ್ಗಿಸಿದ. ಅವನಿಗೆ ಎಲ್ಲ ಗೊತ್ತಿತ್ತು, ಅವನೂ ಬಾಯಿ ಬಿಟ್ಟಿರಲಿಲ್ಲ.

ಶಿವಗಂಗಾ ಎದ್ದು ನಿಂತಳು. ಮೇಜಿನ ಅಂಚು ಹಿಡಿದುಕೊಂಡಳು. ಸಭೆಯ ತುಂಬ ಗಂಡಸರು, ಎಲ್ಲರ ಕಣ್ಣೂ ಅವಳ ಮೇಲೆ.

"ಬರಕೋರಿ" ಎಂದಳು ಕಾರ್ಯದರ್ಶಿಗೆ. "ಒಬ್ಬಾಕಿ. ಶಿವಗಂಗಾ. ನಾ ಹೋಗ್ತೇನಿ. ದಿನಾ ಹೋಗ್ತೇನಿ."

ಕಾರ್ಯದರ್ಶಿಯ ಪೆನ್ನು ಹಾಳೆಗೆ ತಾಗಲಿಲ್ಲ. ಹಿಂದಿನಿಂದ ಒಂದಿಬ್ಬರು ಕಿಸಕ್ಕನೆ ನಕ್ಕು ತಾವೇ ಸುಮ್ಮನಾದರು. ಹೊಳಬಸಪ್ಪನವರು ಟೋಪಿ ಸರಿಮಾಡಿಕೊಂಡು, ಒಬ್ಬರ ಸಲುವಾಗಿ ನಾಲ್ಕೂ ಊರಲ್ಲಿ ಕಟ್ಟಬೇಕೇನ್ರಿ ಅಕ್ಕಾರ ಎಂದು ನಯವಾಗಿ ಕೇಳಿದರು.

"ಒಬ್ಬಾಕಿಗೂ ಬೇಕಾಗ್ತೈತ್ರಿ. ನನಗ ಈಗ ಬೇಕಾಗೇತಿ. ನಿಮ್ಮ ಕಾಂಪ್ಲೆಕ್ಸಿನ್ಯಾಗ ಎಲ್ಲೈತಿ ತೋರಸ್ರಿ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅವಳ ಕಾಲು ಆಗಲೇ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹೊಳಬಸಪ್ಪನವರು ಅತ್ತ ಇತ್ತ ನೋಡಿದರು. ಕೆಳಗೆ ಹಿಂಬದಿಗೆ ಒಂದಿದೆ, ಆದರೆ ಅದರೊಳಗೆ ಗ್ರಾನೈಟ್ ಟೈಲ್ಸಿನ ಡಬ್ಬಿ ತುಂಬಿಸಿದ್ದೇವೆ, ಇವತ್ತು ರವಿವಾರ, ಆಳುಗಳಿಲ್ಲ ಎಂದು ತಡವರಿಸಿದರು. ತಮ್ಮ ಮನೆ ಸಮೀಪವೇ ಇದೆ, ಕಾರು ಕಳಿಸುತ್ತೇನೆ ಎಂದೂ ಅಂದರು.

ಮನೆ ಬೇಡ, ಇಲ್ಲೇ ಆಗಬೇಕು, ಅಲ್ಲಿಯತನಕ ಸಭೆ ಮುಂದುವರಿಯುವುದಿಲ್ಲ ಎಂದು ಹೇಳಿ ಶಿವಗಂಗಾ ಮೆಟ್ಟಿಲಿಳಿದಳು. ಅಧ್ಯಕ್ಷರೇ ಇಳಿದ ಮೇಲೆ ಸಭೆ ಇನ್ನೇನು ಮಾಡಬೇಕು, ಹಿಂದಿನಿಂದ ತಾನೂ ಇಳಿಯಿತು. ಹಿಂಬದಿಯ ಬಾಗಿಲು ತೆರೆದರೆ ಡಬ್ಬಿಗಳು ಸೂರಿನತನಕ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಆಗ ವಿಜಯಮಹಾಂತೇಶ ಯಾರಿಗೂ ಏನೂ ಅನ್ನದೆ ಅಂಗಿಯ ತೋಳು ಮಡಚಿ, ಮೇಲಿನ ಡಬ್ಬಿಗೆ ಕೈ ಹಾಕಿ ಇಳಿಸಿದ. ಅದು ಭಾರವಿತ್ತು, ಎದೆಗೆ ಒತ್ತಿ ಹಿಡಿದು ಹೊರಗೆ ತಂದಿಟ್ಟ. ಅದನ್ನು ನೋಡಿ ಬಾಗಲಕೋಟೆಯವರೊಬ್ಬರು ಶಾಲು ತೆಗೆದಿಟ್ಟರು. ಆಮೇಲೆ ಇನ್ನೊಬ್ಬರು. ಇಸ್ತ್ರಿ ಅಂಗಿಗಳ ಮೇಲೆ ಕಲ್ಲುಧೂಳು ಕೂತಿತು. ಕೊನೆಗೆ ಹೊಳಬಸಪ್ಪನವರೂ ಟೋಪಿ ಜೇಬಿಗಿಟ್ಟು ಒಂದು ಡಬ್ಬಿಯ ತುದಿ ಹಿಡಿದರು.

ಶಿವಗಂಗಾ ಗೋಡೆಗೆ ಒಂದು ಕೈ ಊರಿ, ಕಾಲು ಬದಲಿಸುತ್ತ ಅವರ ಮುಂದೆಯೇ ನಿಂತಿದ್ದಳು. ಮುಖ ತಿರುಗಿಸಲಿಲ್ಲ, ಸೆರಗು ಎಳೆದುಕೊಳ್ಳಲಿಲ್ಲ.

"ಸ್ವಲ್ಪ ಲಗೂನ ತಗೀರಿ" ಎಂದಳು. "ತಡಕೊಳ್ಳಾಕ ಆಗವಲ್ದು."